ಅಯೋವಾಕ್ಕೆ ಹೋಗಬೇಕಿದ್ದ ಶನಿವಾರ

ಕೆಂಟನ್, ಹ್ಯಾರೋ ಕಡೆ ಕಾರು ಓಡಿಸಲು ಕಲಿತ ಕನ್ನಡದ ಹೆಂಗಸರಲ್ಲಿ ಮುಕ್ಕಾಲು ಪಾಲು ಶೋಭಾಳ ಕೈಯಲ್ಲಿ ಪಳಗಿದವರು. ವಿಜಾಪುರದಿಂದ ಮದುವೆಯಾಗಿ ಈ ವಿಲಾಯತಿಗೆ ಬಂದಾಗ ಅವಳಿಗೆ ಸೈಕಲ್ಲು ಕೂಡ ಬರುತ್ತಿರಲಿಲ್ಲ. ಗಂಡ ಶ್ರೀರಂಗ ತನ್ನ ಆಫೀಸಿನ ಇನ್ನೊಬ್ಬಳ ಜೊತೆ ಮನೆ ಮಾಡಿಕೊಂಡು ಹೋದಾಗ ಮಗಳು ಪ್ರಿಯಾಂಕಾ ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಳು. ಏನಾದರೂ ಕೆಲಸ ಬೇಕಿತ್ತು. ಮಗಳ ಶಾಲೆಯ ಹೊತ್ತಿಗೆ ಹೊಂದುವ ಕೆಲಸ ಇದೊಂದೇ ಎಂದು ಡ್ರೈವಿಂಗ್ ಕಲಿಸುವ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿ, ಸೆಕೆಂಡ್ ಹ್ಯಾಂಡ್ ಕಾರಿನ ಮೇಲೆ ಎಲ್ ಬೋರ್ಡು ಏರಿಸಿದಳು.

ರಸ್ತೆಯ ಮೇಲೆ ಇಷ್ಟು ವರ್ಷ ಕಳೆದರೂ ಅವಳು ಕೂತದ್ದು ಬಹುಪಾಲು ಎಡಗಡೆಯ ಸೀಟಿನಲ್ಲೇ. ಸ್ಟೀರಿಂಗು ಬೇರೆಯವರ ಕೈಯಲ್ಲಿ, ಅವಳ ಕಾಲ ಕೆಳಗೆ ಒಂದು ಹೆಚ್ಚುವರಿ ಬ್ರೇಕು. ಕೆಂಟನ್ ರೋಡು, ಬೆಲ್‌ಮಾಂಟ್ ಸರ್ಕಲ್ಲು, ಮತ್ತೆ ಕೆಂಟನ್ ರೋಡು. ದಿನವಿಡೀ ಅದೇ ಸುತ್ತು. ಒಮ್ಮೆ ಹತ್ತಿರದ ಪಿನ್ನರಿನಲ್ಲಿದ್ದ ಒಬ್ಬ ಅಮೆರಿಕನ್ ಹೆಂಗಸು, ಗೇರು ಬದಲಿಸುವ ಕಾರನ್ನು ಎಡಬದಿಯಲ್ಲಿ ಓಡಿಸಲು ಕಲಿಯಬೇಕೆಂದು ಇವಳ ಬಳಿ ಬಂದಿದ್ದಳು. ಸರ್ಕಲ್ಲು ಬಂದಾಗಲೆಲ್ಲ ಬೆವರುತ್ತಿದ್ದ ಆಕೆ ಒಂದು ದಿನ ಕಾರು ನಿಲ್ಲಿಸಿ, "ನಮ್ಮ ಅಯೋವಾದಲ್ಲಿ ಇದೆಲ್ಲ ಇಲ್ಲ. ಪೂರ್ವಕ್ಕೆ ಮಿಸಿಸಿಪ್ಪಿ, ಪಶ್ಚಿಮಕ್ಕೆ ಮಿಸ್ಸೌರಿ. ಬೆಳಿಗ್ಗೆ ಒಂದು ನದಿ ದಾಟಿ ಹೊರಟರೆ ಸಂಜೆ ಇನ್ನೊಂದು ನದಿ. ನಡುವೆ ನೆಟ್ಟಗಿನ ರಸ್ತೆ, ಎರಡೂ ಕಡೆ ಜೋಳ" ಎಂದಳು. ಪಾಠ ಮುಗಿದು ಆಕೆ ಪಾಸಾಗಿ ಹೋದಮೇಲೂ ಆ ಮಾತು ಶೋಭಾಳ ತಲೆಯಲ್ಲಿ ಉಳಿಯಿತು. ಅಮೆರಿಕಾದ ಜೋಳವೆಂದರೆ ಗೋವಿನಜೋಳ ಎನ್ನುವುದು ಅವಳಿಗೆ ಗೊತ್ತಿತ್ತು. ಆದರೂ ಕಣ್ಣಿಗೆ ಬರುತ್ತಿದ್ದದ್ದು ವಿಜಾಪುರದ ದಾರಿಯ ಬಿಳಿಜೋಳದ ಹೊಲಗಳೇ.

ಇದನ್ನು ಅವಳು ಹೇಳಿಕೊಂಡದ್ದು ರಜನಿಯ ಹತ್ತಿರ ಮಾತ್ರ. ರಜನಿ ಮೈಸೂರಿನವಳು, ಕೌನ್ಸಿಲ್ಲಿನ ಲೈಬ್ರರಿಯಲ್ಲಿ ಕೆಲಸ. ಶೋಭಾಳ ಶಿಷ್ಯೆಯಾಗಿ ಬಂದವಳು ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾದಳು. ಗಂಡ ರಾಮಪ್ರಸಾದ್, "ಬಿಟ್ಬಿಡು, ಇದು ನಿನ್ನ ಕೈಲಿ ಆಗೋದಲ್ಲ" ಎಂದು ನಗುತ್ತಿದ್ದ. ಶೋಭಾ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಖಾಲಿ ಕಾರ್ ಪಾರ್ಕುಗಳಿಗೆ ಕರೆದೊಯ್ದು, ಗದರಿಸಿ, ರಮಿಸಿ, ಕೊನೆಗೂ ಪಾಸು ಮಾಡಿಸಿದಳು. ಆವತ್ತು ರಜನಿ ಟೆಸ್ಟ್ ಸೆಂಟರಿನ ಮುಂದೆಯೇ ಅವಳನ್ನು ತಬ್ಬಿಕೊಂಡು ಅತ್ತಿದ್ದಳು. ಆಮೇಲೆ ಅವರಿಬ್ಬರ ನಡುವೆ ಗುಟ್ಟೆಂಬುದು ಉಳಿಯಲಿಲ್ಲ. ಶೋಭಾ ಹಾಗೆಂದು ನಂಬಿದ್ದಳು.

"ನಮ್ಮಣ್ಣ ಲಕ್ಷ್ಮೀಶ ಇರೋದು ಶಿಕಾಗೋದಲ್ಲಿ. ಅಲ್ಲಿಂದ ಮಿಸಿಸಿಪ್ಪಿ ಬೆಳಗಿನ ಡ್ರೈವ್ ಅಷ್ಟೆ ಕಣೇ," ಎಂದಳು ರಜನಿ, ಆ ವರ್ಷ, ಎರಡು ಸಾವಿರದ ಎರಡರ ಜನವರಿಯಲ್ಲಿ. "ಹೋಗೇ ಬಿಡೋಣ. ನೀನು ನಾನು, ಇಬ್ಬರೇ."

"ಖರೇನ?"

"ಖರೇನ," ಎಂದು ರಜನಿ ಅವಳ ಮಾತನ್ನೇ ಅಣಕಿಸಿದಳು.

ಮಾರನೆಯ ವಾರವೇ ಲೈಬ್ರರಿಯಿಂದ ಅಮೆರಿಕಾದ ದೊಡ್ಡ ರಸ್ತೆ ಅಟ್ಲಾಸು ರಜನಿಯ ಊಟದ ಮೇಜಿಗೆ ಬಂತು. ಬುಧವಾರ ಸಂಜೆ ಶೋಭಾಳ ಕೊನೆಯ ಪಾಠ ರಜನಿಯ ಬೀದಿಯಲ್ಲೇ ಮುಗಿಯುತ್ತಿತ್ತು. ಕೈಕಾಲು ತೊಳೆದು, ಚಹಾ ಕುಡಿದು, ಇಬ್ಬರೂ ಅಯೋವಾದ ಪುಟ ತೆರೆದು ಕೂರುತ್ತಿದ್ದರು. ರಾಜ್ಯವೇ ಒಂದು ಚಪ್ಪಟೆ ಡಬ್ಬಿಯ ಹಾಗಿತ್ತು. ಅದರ ನಡುವೆ ದೊಡ್ಡ ಹೆದ್ದಾರಿ, ಎಂಬತ್ತನೇ ನಂಬರಿನದು. ಅದರ ಮೇಲುಗಡೆ ಹಳೆಯ ರಸ್ತೆ, ಮೂವತ್ತನೆಯದು, ಊರೂರು ಹಾಯ್ದು ಹೋಗುವಂಥದ್ದು.

ಮೊದಲ ಜಗಳ ಅದರ ಮೇಲೆಯೇ. ರಜನಿಗೆ ಹೆದ್ದಾರಿ ಬೇಕು. "ಒಂದೇ ದಿನದಲ್ಲಿ ದಾಟ್ಬೇಕು ಅಂತೀಯ, ಊರೂರು ಸುತ್ತಿದ್ರೆ ಕತ್ತಲಾಗಲ್ವಾ?"

"ಹೆದ್ದಾರಿಯೊಳಗ ಏನ ಕಾಣ್ತದ? ಲಾರಿ ಹಿಂಭಾಗ ಕಾಣ್ತದ. ಅದನ್ನ ಇಲ್ಲೇ ಎಂ ಟ್ವೆಂಟಿಫೈವ್‌ನಾಗ ನೋಡಬಹುದಲ್ಲ," ಎಂದಳು ಶೋಭಾ.

ಕೊನೆಗೆ ರಾಜಿಯಾಯಿತು. ಕ್ಲಿಂಟನ್ ಎಂಬ ಊರಿನಲ್ಲಿ ಮಿಸಿಸಿಪ್ಪಿ ದಾಟಿ ಹಳೇ ರಸ್ತೆ ಹಿಡಿಯುವುದು. ಏಮ್ಸ್ ತನಕ ಹಾಗೇ ಹೋಗಿ, ಊಟ ಮುಗಿಸಿ, ಕೆಳಗಿಳಿದು ಹೆದ್ದಾರಿಗೆ ಸೇರುವುದು. ಯಾಕೆಂದರೆ ರಜನಿಗೆ ಎಲ್ಕ್ ಹಾರ್ನ್ ಎಂಬ ಚಿಕ್ಕ ಊರಿನ ಗಾಳಿಗಿರಣಿ ನೋಡಲೇಬೇಕಿತ್ತು. ಡೆನ್ಮಾರ್ಕಿನಿಂದ ಅದನ್ನು ಬಿಚ್ಚಿ, ಹಡಗಿನಲ್ಲಿ ತಂದು, ಅಲ್ಲಿ ಮತ್ತೆ ಜೋಡಿಸಿದ್ದಾರೆಂದು ಅವಳು ಎಲ್ಲೋ ಓದಿದ್ದಳು. ಸಂಜೆಗೆ ಕೌನ್ಸಿಲ್ ಬ್ಲಫ್ಸ್‌ನಲ್ಲಿ ಮಿಸ್ಸೌರಿ. ಆಚೆ ದಡದ ಒಮಾಹಾದಲ್ಲಿ ರಾತ್ರಿ ಮಲಗುವುದು.

ಸ್ಟೀರಿಂಗು ಯಾರ ಕೈಯಲ್ಲಿ ಎನ್ನುವ ಮಾತೇ ಇರಲಿಲ್ಲ. ಫೋನಿನಲ್ಲಿ ಲಕ್ಷ್ಮೀಶ, "ಇಲ್ಲಿನ ಕಾರಲ್ಲಿ ಒಂದು ಬಟನ್ ಒತ್ತಿದ್ರೆ ಸಾಕು, ಸ್ಪೀಡ್ ಅದೇ ನೋಡ್ಕೊಳತ್ತೆ, ಕಾಲು ತೆಗೆದು ಆರಾಮಾಗಿ ಕೂತ್ಕೊಳಿ" ಎಂದ. ಶೋಭಾ ಒಪ್ಪಲಿಲ್ಲ. "ಇಲ್ರೀ, ಕಾಲ ನಂದ ಇರ್ಲಿ." ರಜನಿ ಪಕ್ಕದ ಸೀಟಿನಲ್ಲಿ ಕೂತು ಧಪಾಟಿ, ಚಟ್ನಿಪುಡಿ ಎತ್ತಿ ಕೊಡಬೇಕು, ದಾರಿ ಹೇಳಬೇಕು. ಮಾತಿಲ್ಲದಾಗ ಸುಮ್ಮನಿರಬೇಕು. ಇಷ್ಟು ತೀರ್ಮಾನವಾಗಿತ್ತು.

ಪ್ರಯಾಣ ಸೆಪ್ಟೆಂಬರಿಗೆಂದು ನಿಗದಿಯಾಗಿತ್ತು. ಆಗ ಬೆಳೆ ಆಳೆತ್ತರ ಇರುತ್ತದೆ. ಎರಡು ಹಸಿರು ಗೋಡೆಗಳ ನಡುವೆ ಕಾರು ಹೋದ ಹಾಗೆ ಆಗುತ್ತದೆ ಎಂದು ಆ ಅಮೆರಿಕನ್ ಹೆಂಗಸು ಹೇಳಿದ್ದಳು. ಆದರೆ ಏಪ್ರಿಲ್ಲಿನ ಒಂದು ಬುಧವಾರ ರಜನಿ ಚಹಾದ ಕಪ್ಪು ಮುಂದಿಡುತ್ತ, "ಜೂನ್‌ಗೆ ಹೋಗೋಣ ಕಣೇ. ಮೂರನೇ ಶನಿವಾರ ಅಯೋವಾ ದಾಟೋ ಹಾಗೆ" ಎಂದಳು.

"ಜೂನ್‌ದಾಗ ಯಾಕ? ಆಗ ಗೋವಿನಜೋಳ ಮೊಣಕಾಲುದ್ದ ಇರ್ತದ."

"ಅಣ್ಣ ಸೆಪ್ಟೆಂಬರಲ್ಲಿ ಮನೆ ಬದಲಾಯಿಸ್ತಾನಂತೆ. ಮನೆ ತುಂಬ ಡಬ್ಬಿ ಇಟ್ಕೊಂಡು ನಮ್ಮನ್ನ ಎಲ್ಲಿ ಮಲಗಿಸ್ತಾನೆ? ಮೊಣಕಾಲುದ್ದಾನೇ ಒಳ್ಳೇದು ಬಿಡು. ಗೋಡೆ ಇದ್ರೆ ಆಚೆಗೇನಿದೆ ಕಾಣಲ್ಲ. ಬಯಲು ಪೂರ್ತಿ ಕಾಣಬೇಕು ಅಂದ್ರೆ ಜೂನೇ ಸರಿ."

ಶೋಭಾ ಸ್ವಲ್ಪ ಹೊತ್ತು ಯೋಚಿಸಿ ಆಗಲಿ ಎಂದಳು. ಟಿಕೆಟ್ಟು ತೆಗೆದದ್ದೂ ಆಯಿತು. ಮಗಳಿಗೆ ಫೋನು ಮಾಡಿ ತಿಳಿಸಿದಾಗ ಪ್ರಿಯಾಂಕಾ, "ಓ ಮಮ್, ದಟ್ಸ್ ಲವ್ಲಿ! ಯು ಡಿಸರ್ವ್ ಇಟ್" ಎಂದು ಎರಡೆರಡು ಸಲ ಹೇಳಿದಳು. ಪ್ರಿಯಾಂಕಾಗೆ ಆಗ ಇಪ್ಪತ್ತೈದು, ಹ್ಯಾರೋದಲ್ಲಿ ಗೆಳತಿಯರ ಜೊತೆ ಫ್ಲಾಟಿನಲ್ಲಿದ್ದಳು. ವರುಣ್ ಎಂಬ ಬೆಂಗಳೂರಿನ ಹುಡುಗನ ಜೊತೆ ಮದುವೆಯ ಮಾತು ನಡೆದಿತ್ತು. ಹುಡುಗ ಒಮ್ಮೆ ಶೋಭಾಳ ಮನೆಗೂ ಬಂದು ಭಾಕ್ರಿ ತಿಂದು ಹೋಗಿದ್ದ. "ಮುಂದಿನ ವರ್ಷ ನೋಡೋಣ ಮಮ್, ಯಾವುದಕ್ಕೂ ಅವಸರ ಇಲ್ಲ" ಎಂದಿದ್ದಳು ಮಗಳು.

ಪ್ರಯಾಣ ಹತ್ತಿರ ಬಂದ ಮೇ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಶೋಭಾ ಸಿರಿಶಾ ಎಂಬ ಹುಡುಗಿಗೆ ಪಾಠ ಹೇಳುತ್ತಿದ್ದಳು. ಸಿರಿಶಾ ಬೆಂಗಳೂರಿನ ಹೊಸ ಮದುವಣಗಿತ್ತಿ; ಗಂಡ ಐಟಿಯವನು. ಬಾಯಿಗೆ ಬಿಡುವು ಕೊಡದ ಹುಡುಗಿ, ಆದರೆ ಕ್ಲಚ್ಚಿನ ಮೇಲೆ ಕಾಲು ಹದವಾಗಿ ಕೂತಿತ್ತು.

"ಆಂಟಿ, ಜೂನ್ ಮೂರನೇ ಶನಿವಾರ ಕ್ಲಾಸ್ ಬೆಳಿಗ್ಗೆ ಬೇಗ ಇಟ್ಕೊಳೋಣ್ವಾ? ಆಮೇಲೆ ಒಂದು ಎಂಗೇಜ್‌ಮೆಂಟಿಗೆ ಹೋಗ್ಬೇಕು."

"ಆ ಶನಿವಾರ ನಾ ಊರಾಗ ಇರಂಗಿಲ್ಲ. ಮಿರರ್ ನೋಡು. ಸರ್ಕಲ್ ಬಂತು."

"ನೋಡ್ದೆ ಆಂಟಿ. ನಮ್ಮೆಜಮಾನ್ರ ಚಿಕ್ಕಮ್ಮನ ಮಗಂದು ಎಂಗೇಜ್‌ಮೆಂಟು. ವರುಣ್ ಅಂತ. ಚಿಕ್ಕತ್ತೆ, ಚಿಕ್ಕಮಾವ ಅದಕ್ಕೇ ಅಂತ ಬೆಂಗಳೂರಿಂದ ಬರ್ತಿದಾರೆ. ಹುಡುಗಿ ಇಲ್ಲೇ ಹ್ಯಾರೋದೋಳು, ಪ್ರಿಯಾಂಕಾ. ಅವರಪ್ಪ ಶ್ರೀರಂಗ ಅಂಕಲ್ ಕೆಂಟನ್ನಲ್ಲಿ ಹಾಲ್ ಬುಕ್ ಮಾಡಿದಾರಂತೆ." ಸಿರಿಶಾ ಸರ್ಕಲ್ಲಿಗೆ ಇಳಿಯುತ್ತ, ಬಲಕ್ಕೆ ನೋಡುತ್ತ ಹೇಳಿದಳು, "ಪಾಪ, ಹುಡುಗಿ ತಾಯಿ ಮಾತ್ರ ಬರೋಕಾಗಲ್ವಂತೆ. ಆವತ್ತು ಅಮೆರಿಕಾದಲ್ಲಿರ್ತಾರಂತೆ."

ಶೋಭಾಳ ಕಾಲು ಬ್ರೇಕನ್ನು ಒತ್ತಿತು. ಸರ್ಕಲ್ಲಿನ ನಡುವೆ ಕಾರು ಗಕ್ಕನೆ ನಿಂತಿತು. ಹಿಂದಿನ ವ್ಯಾನಿನವನು ಹಾರ್ನು ಬಾರಿಸಿದ.

"ಏನಾಯ್ತು ಆಂಟಿ? ನಾನೇನು ತಪ್ಪು ಮಾಡ್ದೆ?"

"ನೀ ಏನೂ ತಪ್ಪ ಮಾಡಿಲ್ಲ. ಫಸ್ಟ್ ಗೇರ್ ಹಾಕು. ಹೋಗು," ಎಂದಳು ಶೋಭಾ. ಆ ಕಾಲನ್ನು ಬ್ರೇಕಿನಿಂದ ಎತ್ತಲು ಅವಳು ತೊಡೆಯನ್ನು ಕೈಯಿಂದ ಹಿಡಿಯಬೇಕಾಯಿತು.

ಆವತ್ತು ಬುಧವಾರವಲ್ಲ. ಆದರೂ ಸಂಜೆ ಶೋಭಾ ರಜನಿಯ ಮನೆಯ ಬೆಲ್ಲು ಒತ್ತಿದಳು. ರಜನಿ ಅಡುಗೆಮನೆಯಲ್ಲಿ ಅವಲಕ್ಕಿ ಹುರಿಯುತ್ತಿದ್ದಳು. ಪ್ರಯಾಣಕ್ಕೆಂದು ಮಾಡುವ ಚೂಡಾವನ್ನು ಮೊದಲು ಸ್ವಲ್ಪ ಮಾಡಿ ರುಚಿ ನೋಡೋಣವೆಂದು. ಅಟ್ಲಾಸು ಮೇಜಿನ ಮೇಲೆ ತೆರೆದೇ ಇತ್ತು.

ಶೋಭಾ ಕೂರಲಿಲ್ಲ. "ರಜನಿ, ನಿಮ್ಮಣ್ಣ ಸೆಪ್ಟೆಂಬರ್‌ದಾಗ ಮನಿ ಬದಲಸ್ತಾನೇನು?"

ರಜನಿಯ ಕೈಯಲ್ಲಿದ್ದ ಸೌಟು ನಿಂತಿತು. ಅವಳು ಗ್ಯಾಸು ಆರಿಸಿದಳು. "ಯಾರು ಹೇಳಿದ್ರು?" ಎಂದಳು.

ಏನನ್ನು ಎಂದು ಅವಳು ಕೇಳಲಿಲ್ಲ. ಯಾರು ಎಂದಷ್ಟೇ ಕೇಳಿದ್ದಳು. ದಾರಿಯುದ್ದಕ್ಕೂ ಶೋಭಾ, ಇದು ರಜನಿಗೆ ಗೊತ್ತಿರಲಿಕ್ಕಿಲ್ಲ, ಪ್ರಿಯಾಂಕಾ ತಾನಾಗಿಯೇ ಈ ದಿನಕ್ಕೆ ಹೊಂದಿಸಿಕೊಂಡಿರಬೇಕು ಎಂದು ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಆ ಆಸೆ ಅಲ್ಲಿಗೆ ಮುಗಿಯಿತು.

"ಪ್ರಿಯಾಂಕಾ ಬಂದಿದ್ದಳೇನು ನಿನ್ನ ಹತ್ರ?"

"ಮಾರ್ಚಲ್ಲಿ ಬಂದಿದ್ಲು. ಇದೇ ಕುರ್ಚೀಲಿ ಕೂತು ಅತ್ಲು ಕಣೇ. ಶ್ರೀರಂಗ ಹಟ ಹಿಡಿದಿದಾನೆ, ನೀನು ಬಂದ್ರೆ ತಾನು ಬರಲ್ಲ ಅಂತ. ಅವಳ ಇಪ್ಪತ್ತೊಂದನೇ ಹುಟ್ಟಿದಹಬ್ಬಕ್ಕೆ ಟೂಟಿಂಗ್ ಹೋಟೆಲಲ್ಲಿ ನೀವಿಬ್ರೂ ಕೂಗಾಡಿದ್ರಲ್ಲ, ಅದು ಅವಳಿಗೆ ಮರೆತಿಲ್ಲ. ಬೀಗರ ಮುಂದೆ ಹಾಗಾದ್ರೆ ಅಂತ ಹೆದರಿಕೆ. ಆಂಟಿ, ಅಮ್ಮನ್ನ ಆ ವಾರ ಎಲ್ಲಾದ್ರೂ ಕರ್ಕೊಂಡು ಹೋಗಿ ಅಂದ್ಲು. ಎಂಗೇಜ್‌ಮೆಂಟ್ ತಾನೇ, ಮದುವೆ ಹೊತ್ತಿಗೆ ಎಲ್ಲ ಸರಿ ಮಾಡ್ತೀನಿ ಅಂದ್ಲು."

"ನೀ ಹೂಂ ಅಂದಿ."

"ಹೇಗೂ ಹೋಗೋದಿತ್ತಲ್ಲ. ನಿನಗೆ ಆಮೇಲೆ ಗೊತ್ತಾದ್ರೂ, ಆ ದಿನ ಒಂದು ನಿನಗೆ ಇಷ್ಟವಾದ ಕಡೆ ಇದ್ದೆ ಅಂತ ಆಗ್ಲಿ ಅಂದ್ಕೊಂಡೆ. ಇಲ್ಲೇ ಫ್ಲಾಟಲ್ಲಿ ಒಬ್ಳೇ ಕೂತಿರೋದಕ್ಕಿಂತ..."

"ಇಲ್ಲೇ ಕೂತಿದ್ರ ನಾ ಅಲ್ಲಿಗೆ ಹೋಗ್ತಿದ್ದೆ ರಜನಿ. ನನ್ನ ಮಗಳದು."

ರಜನಿ ಸೌಟನ್ನು ಬಾಣಲೆಯ ಮೇಲೆ ಇಟ್ಟಳು.

"ಪ್ರತಿ ಬುಧವಾರ," ಎಂದಳು ಶೋಭಾ, "ಪ್ರತಿ ಬುಧವಾರ ನಾ ಇಲ್ಲಿ ಕೂತು ಬೆರಳ ಇಟ್ಟು ದಾರಿ ನೋಡ್ತಿದ್ದೆ. ನೀ ಗಾಳಿಗಿರಣಿ ಅಂತ ಜಗಳ ಆಡಿದಿ. ಬಯಲು ಪೂರ್ತಿ ಕಾಣಬೇಕು ಅಂದಿ. ಅದೆಲ್ಲ ಆಟ ಇತ್ತೇನು?"

"ಇಲ್ಲ ಕಣೇ! ದೇವರಾಣೆ ಇಲ್ಲ. ನನಗೆ ನಿಜವಾಗ್ಲೂ ಹೋಗೋ ಆಸೆ ಇತ್ತು. ಈಗಲೂ ಇದೆ."

ಶೋಭಾ ಆ ಮುಖವನ್ನೇ ನೋಡಿದಳು. ಸುಳ್ಳಲ್ಲ, ಹೇಳುತ್ತಿದ್ದುದು ನಿಜವೇ. ಪೂರ್ತಿ ನಾಟಕವಾಗಿದ್ದರೆ ಬೈದು ಎದ್ದು ಹೋಗಬಹುದಿತ್ತು. ಒಂದೇ ಮೇಜಿನಲ್ಲಿ, ಒಂದೇ ಚಹಾದ ಜೊತೆ, ಅಷ್ಟು ಅಕ್ಕರೆಯಿಂದ ಇದನ್ನು ಮಾಡಲು ಸಾಧ್ಯವಾಯಿತಲ್ಲ ಎಂದುಕೊಳ್ಳುತ್ತ ಅವಳು ತೆರೆದಿದ್ದ ಅಟ್ಲಾಸನ್ನು ಮುಚ್ಚಿದಳು.

"ನೀ ಹೋಗಿ ಬಾ," ಎಂದು ಹೇಳಿ ಬಂದುಬಿಟ್ಟಳು.

ಭಾನುವಾರ ಪ್ರಿಯಾಂಕಾ ಬಂದಳು. ರಜನಿ ತಿಳಿಸಿರಬೇಕು, ಬಾಗಿಲಲ್ಲೇ ಕಣ್ಣು ಕೆಂಪಾಗಿತ್ತು. ಚಿಕ್ಕವಳಿದ್ದಾಗ ಅವ್ವಾ ಎನ್ನುತ್ತಿದ್ದವಳು ಸೆಕೆಂಡರಿ ಶಾಲೆ ಸೇರಿದ ಮೇಲೆ ಮಮ್ ಎನ್ನತೊಡಗಿದ್ದಳು. ಈಗಲೂ ಹಾಗೆಯೇ ಶುರು ಮಾಡಿದಳು.

"ಮಮ್, ಐ ವಾಸ್ ಗೋಯಿಂಗ್ ಟು ಟೆಲ್ ಯು. ಪ್ರಾಮಿಸ್. ನೀನು ವಾಪಸ್ ಬಂದ ತಕ್ಷಣ."

"ಬಂದ ಮ್ಯಾಲೆ. ಎಲ್ಲಾ ಮುಗಿದ ಮ್ಯಾಲೆ."

"ಡ್ಯಾಡ್ ಹೇಗೆ ಅಂತ ನಿನಗೆ ಗೊತ್ತಲ್ಲ. ಇಟ್ಸ್ ಜಸ್ಟ್ ಎ ರಿಂಗ್, ಮಮ್. ಎರಡು ಗಂಟೆ ಅಷ್ಟೆ."

"ನೀ ನನ್ನ ಮುಂದ ಕೂತು, ಅವ್ವಾ ನೀ ಬರಬ್ಯಾಡ ಅಂದಿದ್ರ ನಂಗ ಸಿಟ್ಟ ಬರ್ತಿತ್ತು. ಅಳ್ತಿದ್ದೆ. ಆಮ್ಯಾಲೆ ಬರ್ತಿರಲಿಲ್ಲ. ನಿನ್ನ ಸಲುವಾಗಿ ಬರ್ತಿರಲಿಲ್ಲ. ಅಷ್ಟ ಕೇಳಲಿಕ್ಕೂ ನಿನಗ ಬಾಯಿ ಬರಲಿಲ್ಲೇನು? ಯಾಕ ಅಮೆರಿಕಾ ಅಂತ ಹೇಳಿದಿ ಅವರಿಗೆ?"

ಪ್ರಿಯಾಂಕಾ ಸೋಫಾದ ಅಂಚನ್ನು ಉಗುರಿನಿಂದ ಕೆರೆಯುತ್ತ, "ಬಿಕಾಸ್ ಇಟ್ ಸೌಂಡೆಡ್ ನೈಸರ್" ಎಂದಳು.

"ಯಾತಕ್ಕಿಂತ?"

ಮಗಳು ಕೆರೆಯುತ್ತಲೇ ಇದ್ದಳು. ಶೋಭಾ ಪಾಠ ಹೇಳುವಾಗಿನ ಧ್ವನಿಯಲ್ಲಿ, ತಡವರಿಸದೆ ಹೇಳಿದಳು. "ನಾ ನಿಮ್ಮ ಹಾಲ್‌ಗೆ ಬರಂಗಿಲ್ಲ, ಹೆದರಬ್ಯಾಡ. ಆದ್ರ ಅಮೆರಿಕಾಕ್ಕೂ ಹೋಗಂಗಿಲ್ಲ. ಆ ಶನಿವಾರ ಕೆಂಟನ್ನಾಗ ಇರ್ತೀನಿ, ನನ್ನ ಕೆಲಸ ಮಾಡ್ತೀನಿ. ಯಾರರ ಕೇಳಿದ್ರ ಏನ ಹೇಳಬೇಕು ನೀನ ನೋಡಿಕೋ. ನಿನ್ನ ಸುಳ್ಳಿಗೆ ನಾ ವಿಮಾನ ಹತ್ತೂದಿಲ್ಲ."

ಟಿಕೆಟ್ಟು ವಾಪಸು ಮಾಡಿಸಿದಳು. ರಜನಿಯೂ ಹೋಗಲಿಲ್ಲ.

ಆ ಶನಿವಾರ ಬಂತು. ಆಂಟಿ ಊರಲ್ಲೇ ಇದ್ದಾರೆಂದು ಗೊತ್ತಾದ ಸಿರಿಶಾ, ಮುಂದಿನ ವಾರವೇ ಟೆಸ್ಟಿದೆ ಎಂದು ಗೋಗರೆದು ಬೆಳಗಿನ ಪಾಠ ಗಿಟ್ಟಿಸಿಕೊಂಡಿದ್ದಳು. ರೇಷ್ಮೆ ಸೀರೆ ಉಟ್ಟು, ಕಾಲಿಗೆ ಟ್ರೇನರ್ಸ್ ಬೂಟು ಹಾಕಿಕೊಂಡು, ಚಪ್ಪಲಿಯನ್ನು ಚೀಲದಲ್ಲಿಟ್ಟುಕೊಂಡು ಬಂದಳು. ಪ್ರಿಯಾಂಕಾ ಯಾರು ಎಂದು ಶೋಭಾ ಅವಳಿಗೆ ಹೇಳಿರಲಿಲ್ಲ. ಹೇಳುವುದು ತನ್ನ ಕೆಲಸವಲ್ಲ ಎಂದುಕೊಂಡಿದ್ದಳು.

ಪಾಠ ಮುಗಿಯುವ ಹೊತ್ತಿಗೆ ಸಿರಿಶಾ, "ಆಂಟಿ, ನನ್ನನ್ನ ಹಾಲ್ ಹತ್ರ ಬಿಡಿ. ನಾನೇ ಓಡಿಸ್ತೀನಿ" ಎಂದಳು.

"ಹಿಂದಿನ ಓಣ್ಯಾಗ ನಿಲ್ಲಸು. ಅಲ್ಲಿಂದ ನಡಕೊಂಡು ಹೋಗು."

ಸಿರಿಶಾ ಹೂಂ ಎಂದಳು. ಆದರೆ ಹಾಲಿನ ಗೇಟಿನಲ್ಲಿ ಅವಳ ಗಂಡ ನಿಂತಿದ್ದು ಕಂಡಿತು. ತಾನು ಕಾರು ಓಡಿಸಿಕೊಂಡು ಬಂದದ್ದನ್ನು ಅವನಿಗೆ ತೋರಿಸುವ ಹುಮ್ಮಸ್ಸು. ಇಂಡಿಕೇಟರ್ ಹಾಕಿ, ಚೊಕ್ಕವಾಗಿ ತಿರುಗಿಸಿ, ಸೀದಾ ಹಾಲಿನ ಬಾಗಿಲ ಮುಂದೆಯೇ ತಂದು ನಿಲ್ಲಿಸಿಬಿಟ್ಟಳು. ಶೋಭಾ ಬ್ರೇಕು ಒತ್ತಬಹುದಿತ್ತು. ಯಾಕೋ ಒತ್ತಲಿಲ್ಲ.

ಬಾಗಿಲಲ್ಲಿ ಅರಿಶಿನ ಬಣ್ಣದ ಸೀರೆಯ ಹಿರಿಯ ಹೆಂಗಸೊಬ್ಬರು ಬಂದವರನ್ನು ಎದುರುಗೊಳ್ಳುತ್ತಿದ್ದರು. ಸಿರಿಶಾ ಇಳಿದು ಓಡಿದಳು. "ಚಿಕ್ಕತ್ತೆ, ನೋಡಿ, ನಾನೇ ಓಡಿಸ್ಕೊಂಡು ಬಂದೆ! ಇವರೇ ನಮ್ಮ ಡ್ರೈವಿಂಗ್ ಆಂಟಿ. ಆಂಟಿ, ಇವರು ವೇದವತಿ ಚಿಕ್ಕತ್ತೆ, ವರುಣ್ ಅಮ್ಮ."

ಶೋಭಾ ಇಳಿಯಲೇಬೇಕಾಯಿತು. ಡ್ರೈವರ್ ಸೀಟಿಗೆ ಹೋಗದೆ ಅಲ್ಲಿಂದ ಹೊರಡುವಂತಿರಲಿಲ್ಲ. ಅವಳು ಮಾಸಿದ ಕಾರ್ಡಿಗನ್ನಿನಲ್ಲಿದ್ದಳು. ವೇದವತಿ ಕೈ ಮುಗಿದರು. ಆಮೇಲೆ ಅವಳ ಮುಖವನ್ನು ಒಂದು ಕ್ಷಣ ಹೆಚ್ಚೇ ನೋಡಿದರು.

ಅಷ್ಟರಲ್ಲಿ ಒಳಗಿನಿಂದ ಪ್ರಿಯಾಂಕಾ ಬಂದಳು. ನೇರಳೆ ಬಣ್ಣದ ಮೈಸೂರು ರೇಷ್ಮೆ, ಮುಡಿ ತುಂಬ ಮಲ್ಲಿಗೆ. ಆ ಸೀರೆಯನ್ನು ಶೋಭಾ ಎಂದೂ ನೋಡಿರಲಿಲ್ಲ. ಯಾರು ಕೊಡಿಸಿದರು, ನೆರಿಗೆ ಯಾರು ಹಿಡಿದರು ಎಂಬ ಯೋಚನೆ ತಾನೇ ತಾನಾಗಿ ಬಂತು. ತಾಯಿಯನ್ನು ಕಂಡು ಮಗಳು ಹೊಸ್ತಿಲಲ್ಲೇ ನಿಂತಳು. ಅವಳ ಹಿಂದೆ, ಸ್ವಲ್ಪ ದೂರದಲ್ಲಿ, ಸೂಟು ಹಾಕಿದ್ದ ಶ್ರೀರಂಗ. ಅವನ ಪಕ್ಕದ ಕಂಬದ ಬಳಿ ರಜನಿ.

"ಪ್ರಿಯಾಂಕಾ, ಇವರು ನಿನಗೂ ಗೊತ್ತೇನಮ್ಮಾ?" ಎಂದರು ವೇದವತಿ.

ಪ್ರಿಯಾಂಕಾ ಅಪ್ಪನ ಕಡೆ ತಿರುಗಿ ನೋಡಿದಳು. ಮತ್ತೆ ಮುಂದೆ ನೋಡಿದಳು. "ಹೂಂ ಆಂಟಿ. ಇವರು... ಇವರೇ ನನಗೆ ಡ್ರೈವಿಂಗ್ ಕಲಿಸಿದ್ದು" ಎಂದಳು.

ಶೋಭಾ ಇನ್ನೂ ಒಂದು ಮಾತು ಬರುತ್ತದೆಂದು ಕಾದಳು. ಬರಲಿಲ್ಲ.

"ಹೌದ್ರೀ," ಎಂದಳು ವೇದವತಿಯವರಿಗೆ. "ನಾನ ಕಲಿಸಿದ್ದು. ಗಾಡಿ ಛಲೋ ಹೊಡೀತಾಳ."

"ಒಳಗೆ ಬನ್ನಿ, ಒಂದು ಲೋಟ ಕಾಫಿ ಆದ್ರೂ..."

"ಇಲ್ರೀ, ಇನ್ನೊಂದು ಕ್ಲಾಸ್ ಅದ ನಂಗ."

ಅವಳು ಬಲಗಡೆಯ ಬಾಗಿಲು ತೆರೆದು ಕೂತಳು. ಸಿರಿಶಾಗೆಂದು ಮುಂದೆ ಎಳೆದಿದ್ದ ಸೀಟನ್ನು ಹಿಂದಕ್ಕೆ ಸರಿಸಿದಳು, ಕನ್ನಡಿ ಸರಿಮಾಡಿದಳು, ಹೊರಟಳು. ನಿಜವಾಗಿಯೂ ಇನ್ನೊಂದು ಪಾಠವಿತ್ತು. ಕಾಲೇಜು ಹುಡುಗಿಯೊಬ್ಬಳಿಗೆ ಎರಡು ಕಾರುಗಳ ನಡುವೆ ಹಿಂದಕ್ಕೆ ಹೋಗಿ ನಿಲ್ಲಿಸುವುದನ್ನು ಕಲಿಸಬೇಕಿತ್ತು. ಹುಡುಗಿ ಸರಿಯಾಗಿಯೇ ನಿಲ್ಲಿಸಿದಳು. ಶೋಭಾ ನೋಡಿರಲಿಲ್ಲ. ಮತ್ತೊಮ್ಮೆ ಮಾಡು ಎಂದಳು. ಆಗಲೂ ನೋಡಲಿಲ್ಲ. ಮೂರನೆಯ ಸಲ ಹುಡುಗಿಯೇ, "ಆರ್ ಯು ಆಲ್‌ರೈಟ್, ಶೋಭಾ?" ಎಂದು ಕೇಳಿದಳು.

ಮಧ್ಯಾಹ್ನ ರಜನಿ ಫ್ಲಾಟಿನ ಬಾಗಿಲಿಗೆ ಬಂದಳು, ಸಮಾರಂಭದ ಸೀರೆಯಲ್ಲೇ. ಶೋಭಾ ಬಾಗಿಲು ತೆರೆದಳು. ಒಳಗೆ ಬಾ ಎನ್ನಲಿಲ್ಲ.

"ನಾನು ಅಲ್ಲೇ ಇದ್ದೆ. ಕೇಳಿಸ್ಕೊಂಡೆ," ಎಂದಳು ರಜನಿ. "ನನ್ನ ಕೈಲಿ ತಡ್ಕೊಳೋಕಾಗ್ಲಿಲ್ಲ ಶೋಭಾ. ಊಟ ಮಾಡದೆ ಬಂದ್ಬಿಟ್ಟೆ."

"ಅಲ್ಲಿ ನೀ ಏನರ ಅಂದ್ಯೇನು? ಇಕಿ ಆಕಿ ತಾಯಿ ಅಂತ?"

ರಜನಿ ತಲೆ ತಗ್ಗಿಸಿದಳು.

"ಹಂಗಾರ ಹೋಗಿ ಊಟಾ ಮಾಡು," ಎಂದು ಶೋಭಾ ಬಾಗಿಲು ಹಾಕಿದಳು. ಆಮೇಲೆ ರಜನಿ ಎಷ್ಟೋ ಸಲ ಫೋನು ಮಾಡಿದಳು. ಕ್ಲಾಸ್ ಅದ, ಆಮ್ಯಾಲೆ ಮಾತಾಡ್ತೀನಿ ಎನ್ನುವುದಕ್ಕಿಂತ ಹೆಚ್ಚಿನ ಮಾತು ಶೋಭಾಳ ಬಾಯಿಂದ ಬರಲಿಲ್ಲ. ಬುಧವಾರದ ಕೊನೆಯ ಪಾಠವನ್ನು ಬೇರೆ ಬೀದಿಗೆ ಬದಲಾಯಿಸಿಕೊಂಡಳು.

ಎಂಗೇಜ್‌ಮೆಂಟಿನ ಮರುದಿನ, ಭಾನುವಾರ, ಹನ್ನೊಂದರ ಹೊತ್ತಿಗೆ ವೇದವತಿ ಬಂದರು. ಜೊತೆಗೆ ವರುಣ್, ಅವರಿಬ್ಬರ ಹಿಂದೆ ಪ್ರಿಯಾಂಕಾ. ವೇದವತಿಯವರ ಕೈಯಲ್ಲಿ ತಟ್ಟೆ. ಅದರಲ್ಲಿ ಸೀರೆ, ಹಣ್ಣು, ಹೂವು, ಅರಿಶಿನ ಕುಂಕುಮ.

"ನಿನ್ನೆ ನಿಮ್ಮನ್ನ ನೋಡಿದಾಗಲೇ ಅನ್ನಿಸ್ತು ಶೋಭಾ ಅವರೇ. ಅದೇ ಗಲ್ಲ, ಅದೇ ಹುಬ್ಬು. ಸಂಜೆ ವರುಣನ್ನ ಕೂರಿಸ್ಕೊಂಡು ಕೇಳಿದೆ. ಅವನಿಗೂ ಅರ್ಧ ಮಾತ್ರ ಗೊತ್ತಿತ್ತು. ಉಳಿದದ್ದು ಇವಳು ಹೇಳಿದ್ಲು."

ವರುಣ್ ಮುಂದೆ ಬಂದು ಶೋಭಾಳ ಕಾಲು ಮುಟ್ಟಿದ. ನೀವು ಅಮೆರಿಕಾಕ್ಕೆ ಹೊರಟಿದ್ದೀರೆಂದೇ ನಂಬಿದ್ದೆ ಎಂದ. ಶೋಭಾ ಅವರನ್ನು ಕೂರಿಸಿದಳು, ಉಪ್ಪಿಟ್ಟು ಮಾಡಿದಳು, ಕಾಫಿ ಕೊಟ್ಟಳು. ಮನೆಗೆ ಬಂದ ಬೀಗರಿಗೆ ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ವೇದವತಿ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಪ್ರಿಯಾಂಕಾಳಿಗೆ ಕೇಳುವ ಹಾಗೆಯೇ ಹೇಳಿದರು:

"ನಾವು ಏನಂದ್ಕೊಳ್ತೀವೋ ಅಂತ ಇವಳಿಗೆ ಭಯವಂತೆ. ನನ್ನ ಸ್ವಂತ ತಂಗೀನೂ ಡೈವೋರ್ಸ್ ಆದೋಳೇ. ಅವಳ ಮಗನ ಮದುವೇಲಿ ಆ ಅಪ್ಪ ಒಂದು ಕಡೆ, ನನ್ನ ತಂಗಿ ಒಂದು ಕಡೆ ಕೂತಿದ್ರು. ಏನೂ ಆಗ್ಲಿಲ್ಲ. ಯಾರಾದ್ರೂ ನನ್ನನ್ನ ಒಂದು ಮಾತು ಕೇಳಿದ್ದಿದ್ರೆ ನಾನೇ ಹೇಳ್ತಿದ್ದೆ, ನಿಮ್ಮಮ್ಮನ್ನ ಮೊದಲು ಕರಿ ಅಂತ."

ಇದನ್ನು ಕೇಳಿ ಶೋಭಾಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ತನ್ನನ್ನು ದೂರ ಇಡಿ ಎಂದು ಬೀಗರು ಕೇಳಿರಲೇ ಇಲ್ಲ. ಶ್ರೀರಂಗನ ಹಟ ಹೊಸದಲ್ಲ. ಅದನ್ನು ಅವಳು ಎಂದೋ ಜೀರ್ಣಿಸಿಕೊಂಡಿದ್ದಳು. ಉಳಿದವರು ತನ್ನವರೇ ಇಬ್ಬರು. ಆ ಇಬ್ಬರೂ ಅವಳಿಗೆ ಹೇಳದೆ, ಅವಳ ಆಸೆಯನ್ನೇ ಹಿಡಿದುಕೊಂಡು ಅವಳನ್ನು ಸಾಗಹಾಕಲು ಹೊರಟಿದ್ದರು.

ವೇದವತಿ ಹಣೆಗೆ ಕುಂಕುಮವಿಟ್ಟು, ತಟ್ಟೆಯನ್ನು ಅವಳ ಕೈಗಿತ್ತು, ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಮದುವೆ, ನೀವು ಮುಂದೆ ನಿಂತು ನಡೆಸಿಕೊಡಬೇಕು ಎಂದು ಹೇಳಿ ಎದ್ದರು. ವರುಣ್ ಅಮ್ಮನನ್ನು ಕರೆದುಕೊಂಡು ಕೆಳಗಿಳಿದ. ಪ್ರಿಯಾಂಕಾ ಹೋಗಲಿಲ್ಲ. ಅಡುಗೆಮನೆಗೆ ಹೋಗಿ ಕಾಫಿ ಲೋಟಗಳನ್ನು ತೊಳೆಯತೊಡಗಿದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ನಲ್ಲಿಯ ಸದ್ದಿನ ನಡುವೆ ಅವಳು ಅಳುತ್ತಿದ್ದುದು ಕೇಳಿಸಿತು. ಶೋಭಾ ಬಾಗಿಲಿಗೆ ಒರಗಿ ನಿಂತಳು.

"ಅವ್ವಾ," ಎಂದಳು ಪ್ರಿಯಾಂಕಾ ತಿರುಗದೆಯೇ. ಎಷ್ಟೋ ವರ್ಷಗಳ ಮೇಲೆ ಆ ಬಾಯಲ್ಲಿ ಬಂದ ಮಾತು. "ನಿನ್ನೆ ಬಾಗಿಲಲ್ಲಿ ನಾನು ಹಾಗೆ... ಯಾಕೆ ಹಾಗಂದೆ ಅಂತ ನನಗೇ ಗೊತ್ತಿಲ್ಲ. ಐ ಜಸ್ಟ್ ಲುಕ್ಡ್ ಅಟ್ ಡ್ಯಾಡ್ ಅಂಡ್..."

"ನೋಡಿದೆ ನಾನು."

"ಮದುವೆಗ್ ಬರ್ತೀಯಾ?"

"ಬರ್ತೀನಿ."

"ನನ್ನ ಮೇಲೆ ಸಿಟ್ಟು ಹೋಯ್ತಾ?"

ಶೋಭಾ ಒಳಗೆ ಬಂದು ನಲ್ಲಿ ನಿಲ್ಲಿಸಿದಳು. ಮಗಳ ಕೈಯಿಂದ ಲೋಟ ತೆಗೆದುಕೊಂಡು ಒರೆಸಿ, ಕಪಾಟಿನಲ್ಲಿ ಅದರ ಜಾಗಕ್ಕೆ ಇಟ್ಟಳು.

"ಬರ್ತೀನಿ ಅಂದೆ," ಎಂದಳು. "ಸದ್ಯಕ್ಕ ಅಷ್ಟ ಕೇಳು."